ಮಂಗೋಲಿಯಾದ ಅಲೆಮಾರಿ ಕುಟುಂಬಗಳ ಜೊತೆ ವಾಸ ಮತ್ತು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗೋಲಿಯಾದ ಹುಲ್ಲುಗಾವಲಿಗೆ ಹೋಗಿ ಒಂದು ಕುಟುಂಬದ ಜೊತೆ ನಾಲ್ಕು ದಿನ ಇದ್ದು ಬರಬೇಕು ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಮಾತಿನ ನಡುವೆ, ಪತ್ರಗಳಲ್ಲಿ, ಮೆಸೇಜುಗಳಲ್ಲಿ ಬಂದವನ್ನು ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ಬಿಡಿಸಿ ಹೇಳಬೇಕಾದವು ಆಮೇಲೆ.

## ಹೊರಡುವ ಮುಂಚೆ

ಈ ಕಾಲದಲ್ಲೂ ಅಲ್ಲಿನ ಜನ ಅಲೆಮಾರಿಗಳಾಗಿಯೇ ಬದುಕ್ತಾರಾ? ಇಲ್ಲಾ ಪ್ರವಾಸಿಗರಿಗೆ ತೋರಿಸೋಕೆ ಮಾತ್ರನಾ?

ನಿಜವಾಗಿಯೂ ಹಾಗೇ ಬದುಕುತ್ತಾರೆ. ದೇಶದ ಜನಸಂಖ್ಯೆ ಸುಮಾರು 35 ಲಕ್ಷ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ರಾಜಧಾನಿ ಉಲಾನ್‌ಬಾತರ್‌ನಲ್ಲಿದ್ದಾರೆ. ಹೊರಗಿನ ಬಯಲಿನಲ್ಲಿ ಜನರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಜಾನುವಾರುಗಳಿವೆ. ಕುದುರೆ, ಒಂಟೆ, ದನ ಮತ್ತು ಯಾಕ್ (ಚಮರಿ ಮೃಗ), ಕುರಿ, ಮೇಕೆ. ಈ ಐದು ಬಗೆಯ ಪ್ರಾಣಿಗಳೇ ಅವರ ಆಸ್ತಿ, ಊಟ, ಬಟ್ಟೆ, ಉರುವಲು.

ಅಲೆಮಾರಿ ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಸುತ್ತುತ್ತಾರೆ ಅಂತಲ್ಲ. ಚಳಿಗಾಲಕ್ಕೊಂದು ಜಾಗ, ವಸಂತಕ್ಕೊಂದು, ಬೇಸಿಗೆಗೊಂದು, ಶರತ್ಕಾಲಕ್ಕೊಂದು ಅಂತ ಗೊತ್ತು ಮಾಡಿದ ತಾಣಗಳಿರುತ್ತವೆ. ಹುಲ್ಲು ಮತ್ತು ನೀರು ನೋಡಿಕೊಂಡು ಜಾಗ ಬದಲಿಸುತ್ತಾರೆ. ಹುಲ್ಲುಗಾವಲು ಯಾರ ಸ್ವಂತದ್ದೂ ಅಲ್ಲ, ಅಲ್ಲಿನ ಸಂವಿಧಾನದ ಪ್ರಕಾರ ಅದನ್ನು ಖಾಸಗಿ ಆಸ್ತಿ ಮಾಡಿಕೊಳ್ಳುವ ಹಾಗಿಲ್ಲ. ಬೈಕಿನಲ್ಲಿ ಕುರಿ ಕಾಯುವವರು, ಸೋಲಾರ್ ಪ್ಯಾನಲ್, ಟಿವಿ ಡಿಶ್, ಸ್ಮಾರ್ಟ್‌ಫೋನ್ ಎಲ್ಲ ಕಾಣಿಸುತ್ತವೆ. ಅದನ್ನು ನೋಡಿ ನಿರಾಸೆ ಪಡಬೇಡಿ. ಬದುಕು ನಡೆಯುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಯಾವ ತಿಂಗಳಲ್ಲಿ ಹೋದರೆ ಒಳ್ಳೇದು?

ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಹಾಲು ಹೇರಳವಾಗಿ ಸಿಗುವ ಕಾಲ ಅದು. ಜುಲೈ 11ರಿಂದ 13ರವರೆಗೆ ನಾದಮ್ ಹಬ್ಬ: ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ. ಆ ವಾರ ರಾಜಧಾನಿಯಲ್ಲಿ ರೂಮು, ಗಾಡಿ ಎಲ್ಲ ದುಬಾರಿ. ಹಬ್ಬ ನೋಡಲೇಬೇಕು ಅಂದರೆ ಯಾವುದಾದರೂ ಸಣ್ಣ ತಾಲ್ಲೂಕಿನ ನಾದಮ್‌ಗೆ ಹೋಗಿ. ಅಲ್ಲಿ ನೀವು ಕುದುರೆಗಳ ಪಕ್ಕದಲ್ಲೇ ನಿಂತಿರುತ್ತೀರಿ.

ಮಾರ್ಚ್–ಏಪ್ರಿಲ್ ಬೇಡ. ಧೂಳಿನ ಗಾಳಿ ಬೀಸುತ್ತದೆ, ಮರಿ ಹಾಕುವ ಕಾಲ, ಮನೆಯವರಿಗೆ ಹಗಲು ರಾತ್ರಿ ಬಿಡುವಿರುವುದಿಲ್ಲ. ಚಳಿಗಾಲ ಗಟ್ಟಿಗರಿಗೆ ಮಾತ್ರ. ರಾತ್ರಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ವಿಶೇಷವಲ್ಲ.

ಬೆಂಗಳೂರಿನಿಂದ ಹೇಗೆ ಹೋಗೋದು? ವೀಸಾ ಬೇಕಾ?

ಭಾರತೀಯರಿಗೆ ವೀಸಾ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ಕೊಳ್ಳುವ ಮುಂಚೆ ದೆಹಲಿಯಲ್ಲಿರುವ ಮಂಗೋಲಿಯಾ ರಾಯಭಾರ ಕಚೇರಿಯ ಮಾಹಿತಿ ನೋಡಿ. ಸಾಮಾನ್ಯವಾಗಿ ಸಿಯೋಲ್, ಬೀಜಿಂಗ್, ಹಾಂಗ್‌ಕಾಂಗ್ ಅಥವಾ ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಬೇಕಾಗುತ್ತದೆ. 2021ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿನಿಂದ ಸುಮಾರು 50 ಕಿಲೋಮೀಟರ್ ದೂರ. ಟ್ಯಾಕ್ಸಿ ಮೊದಲೇ ಹೇಳಿಡಿ.

ಗೆರ್ ಕ್ಯಾಂಪ್ ಬುಕ್ ಮಾಡಿದರೆ ಕುಟುಂಬದ ಜೊತೆ ಇದ್ದ ಹಾಗೇ ಅಲ್ವಾ?

ಅಲ್ಲ. ಗೆರ್ ಅಂದರೆ ಅವರ ದುಂಡನೆಯ ಉಣ್ಣೆ ಗುಡಾರ. ಟೂರಿಸ್ಟ್ ಕ್ಯಾಂಪಿನಲ್ಲಿ ಅಂಥ ಇಪ್ಪತ್ತು ಮೂವತ್ತು ಗೆರ್‌ಗಳು ಸಾಲಾಗಿ ನಿಂತಿರುತ್ತವೆ. ಊಟದ ಹಾಲ್, ಬಿಸಿನೀರಿನ ಸ್ನಾನ ಎಲ್ಲ ಇರುತ್ತದೆ. ಅದು ಹೋಟೆಲ್. ಕುಟುಂಬದ ಜೊತೆ ಇರುವುದು ಬೇರೆಯೇ: ಅವರ ಗೆರ್‌ನಲ್ಲಿ, ಇಲ್ಲಾ ಪಕ್ಕದಲ್ಲೇ ಅತಿಥಿಗಳಿಗಾಗಿ ಕಟ್ಟಿದ ಇನ್ನೊಂದು ಗೆರ್‌ನಲ್ಲಿ ಮಲಗುತ್ತೀರಿ. ಅವರು ಉಣ್ಣುವುದನ್ನೇ ಉಣ್ಣುತ್ತೀರಿ. ಎರಡನ್ನೂ ಬೆರೆಸಿಕೊಳ್ಳಬಹುದು. ಮೂರು ದಿನ ಕುಟುಂಬ, ಒಂದು ದಿನ ಕ್ಯಾಂಪ್ ಅಂತ ಮಾಡಿಕೊಂಡರೆ ಸ್ನಾನದ ಚಿಂತೆಯೂ ತೀರುತ್ತದೆ.

ಕುಟುಂಬವನ್ನು ಹುಡುಕೋದು ಹೇಗೆ? ಸುಮ್ನೆ ಹೋಗಿ ಬಾಗಿಲು ತಟ್ಟಬಹುದಾ?

ದಾರಿಹೋಕರಿಗೆ ಚಹಾ ಕೊಟ್ಟು ಕೂರಿಸುವುದು ಅಲ್ಲಿನ ಹಳೆಯ ರೂಢಿ. ನೂರಾರು ಕಿಲೋಮೀಟರ್ ಖಾಲಿ ಬಯಲಿನಲ್ಲಿ, ಆ ಚಳಿಯಲ್ಲಿ, ಅದಿಲ್ಲದೆ ಯಾರೂ ಬದುಕುಳಿಯುತ್ತಿರಲಿಲ್ಲ. ಆದರೆ ಆ ರೂಢಿಯನ್ನು ಬಿಟ್ಟಿ ವಸತಿ ಅಂತ ಬಳಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಉಲಾನ್‌ಬಾತರ್‌ನ ಗೆಸ್ಟ್‌ಹೌಸ್‌ಗಳು, ಚಾಲಕರು, ದುಭಾಷಿಗಳಿಗೆ ಪರಿಚಯದ ಕುಟುಂಬಗಳಿರುತ್ತವೆ. ಅವರ ಮೂಲಕ ಹೋಗಿ. ಯಾವ ಕುಟುಂಬ, ಅವರ ಹತ್ತಿರ ಎಷ್ಟು ಪ್ರಾಣಿಗಳಿವೆ, ಅವರಿಗೆ ಎಷ್ಟು ದುಡ್ಡು ಸೇರುತ್ತದೆ ಅಂತ ಕೇಳಿ. ಒಳ್ಳೆಯ ಚಾಲಕ ಮೂರಕ್ಕೂ ನೇರ ಉತ್ತರ ಕೊಡುತ್ತಾನೆ. ಖರ್ಚಿನಲ್ಲಿ ದೊಡ್ಡ ಪಾಲು ಗಾಡಿ ಮತ್ತು ಡೀಸೆಲ್‌ದು, ವಸತಿಯದ್ದಲ್ಲ. ನಾಲ್ಕು ಜನ ಸೇರಿ ಹೋದರೆ ತುಂಬಾ ಉಳಿಯುತ್ತದೆ.

## ಗೆರ್ ಒಳಗೆ

ಒಳಗೆ ಹೋದಾಗ ಏನು ಮಾಡಬೇಕು, ಏನು ಮಾಡಬಾರದು?

ಬಾಗಿಲು ದಕ್ಷಿಣಕ್ಕಿರುತ್ತದೆ. ಹೊಸ್ತಿಲು ತುಳಿಯಬೇಡಿ, ದಾಟಿ ಒಳಗೆ ಬನ್ನಿ. ಇದನ್ನು ನಮಗೆ ಹೇಳಿಕೊಡಬೇಕಾಗಿಲ್ಲ, ನಮ್ಮ ಮನೆಗಳಲ್ಲೂ ಅದೇ ಪಾಠ. ಒಳಗೆ ಬಂದವರು ಎಡಕ್ಕೆ, ಅಂದರೆ ಪಶ್ಚಿಮದ ಕಡೆಗೆ ಹೋಗಿ ಕೂರಬೇಕು. ಪೂರ್ವದ ಕಡೆ ಅಡುಗೆ ಪಾತ್ರೆ, ಮನೆಯೊಡತಿಯ ಜಾಗ. ಬಾಗಿಲಿಗೆ ಎದುರಾಗಿರುವ ಉತ್ತರದ ಭಾಗ ಹಿರಿಯರದು, ದೇವರದು. ಕರೆಯದೆ ಅಲ್ಲಿ ಕೂರಬೇಡಿ.

ನಡುವೆ ಒಲೆ, ಅದರ ಎರಡು ಪಕ್ಕ ಎರಡು ಕಂಬ. ಆ ಕಂಬಗಳ ನಡುವೆ ಹಾಯಬಾರದು, ಒರಗಬಾರದು, ಅವುಗಳ ಮಧ್ಯದಿಂದ ಯಾರಿಗೂ ಏನನ್ನೂ ದಾಟಿಸಬಾರದು. ಒಲೆಯ ಬೆಂಕಿ ಅವರಿಗೆ ಪವಿತ್ರ. ಬಿಸ್ಕತ್ತಿನ ಕಾಗದವನ್ನೂ ಅದಕ್ಕೆ ಎಸೆಯಬೇಡಿ. ಕಾಲು ಚಾಚಿದರೆ ಒಲೆಯ ಕಡೆ ಪಾದ ಬೇಡ. ಏನೇ ಕೊಟ್ಟರೂ ಬಲಗೈಯಲ್ಲಿ ತೆಗೆದುಕೊಳ್ಳಿ, ಎಡಗೈಯನ್ನು ಬಲ ಮೊಣಕೈಗೆ ಆನಿಸಿ. ಅಂಗಿಯ ತೋಳು ಮಡಿಚಿದ್ದರೆ ಇಳಿಸಿ. ಯಾರದಾದರೂ ಕಾಲು ತುಳಿದರೆ ತಕ್ಷಣ ಕೈ ಕುಲುಕಬೇಕು.

ಹಿರಿಯರು ನಶ್ಯದ ಸಣ್ಣ ಕಲ್ಲಿನ ಬಾಟಲಿ ಕೊಟ್ಟರೆ ಅದೇ ರೀತಿ ಬಲಗೈಯಲ್ಲಿ ತೆಗೆದುಕೊಂಡು, ಮೂಸಿ, ವಾಪಸ್ ಕೊಡಿ. ನಶ್ಯ ಸೇದಲೇಬೇಕು ಅಂತಿಲ್ಲ.

ನಾಯಿಗಳು ಕಚ್ಚುತ್ತಾವಾ?

ತೋಳ ಓಡಿಸುವ ನಾಯಿಗಳು, ಕಚ್ಚಬಹುದು. ದೂರದಲ್ಲೇ ನಿಂತು "ನೊಹೋಯ್ ಹೋರ್!" ಅಂತ ಕೂಗಿ. ನಾಯಿ ಹಿಡ್ಕೊಳ್ಳಿ ಅಂತ ಅರ್ಥ. ಮನೆಯವರು ಹೊರಗೆ ಬರುವವರೆಗೆ ಗಾಡಿ ಇಳಿಯಬೇಡಿ. ಹೊರಡುವ ಮುಂಚೆ ರೇಬಿಸ್ ಲಸಿಕೆಯ ಬಗ್ಗೆ ಡಾಕ್ಟರನ್ನು ಕೇಳಿ. ಅಲ್ಲಿ ಆಸ್ಪತ್ರೆಗೆ ಅರ್ಧ ದಿನದ ದಾರಿ ಇರಬಹುದು.

ಟಾಯ್ಲೆಟ್, ಸ್ನಾನ?

ಗೆರ್‌ನಿಂದ ಸ್ವಲ್ಪ ದೂರದಲ್ಲಿ ಗುಂಡಿ ತೋಡಿ ಮರದ ಹಲಗೆ ಹಾಕಿದ ಟಾಯ್ಲೆಟ್. ಕೆಲವು ಕಡೆ ಅದೂ ಇಲ್ಲ, ಬಯಲೇ. ಸ್ನಾನ ಇಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ದುಡ್ಡು ಕೊಟ್ಟು ಸ್ನಾನ ಮಾಡುವ ಸಾರ್ವಜನಿಕ ಬಚ್ಚಲುಗಳಿವೆ. ಹೊಳೆಯಲ್ಲಿ ಸೋಪು ಹಾಕಿ ಮೀಯುವುದು, ಬಟ್ಟೆ ಒಗೆಯುವುದು ದೊಡ್ಡ ತಪ್ಪು. ನೀರು ಬಕೆಟ್ಟಿನಲ್ಲಿ ತಂದು ದೂರದಲ್ಲಿ ಬಳಸಬೇಕು. ಆ ಹೊಳೆಯ ನೀರನ್ನೇ ಅವರು ಕುಡಿಯುತ್ತಾರೆ, ಪ್ರಾಣಿಗಳೂ ಕುಡಿಯುತ್ತವೆ.

ಬೇಸಿಗೆಯಲ್ಲೂ ಸ್ವೆಟರ್ ಬೇಕಾ?

ಬೇಕು. ಜುಲೈ ರಾತ್ರಿಯೂ ಚಳಿ ಇರುತ್ತದೆ. ಒಲೆಗೆ ಸೌದೆ ಇಲ್ಲವೇ ಒಣಗಿದ ಸಗಣಿ ಹಾಕುತ್ತಾರೆ. ಹೊತ್ತಿಸಿದಾಗ ಗೆರ್ ಒಳಗೆ ಬೆವರು ಬರುವಷ್ಟು ಬಿಸಿ. ಬೆಂಕಿ ಆರಿದರೆ ಒಂದೆರಡು ಗಂಟೆಯಲ್ಲಿ ತಣ್ಣಗಾಗುತ್ತದೆ. ಒಳ್ಳೆಯ ಸ್ಲೀಪಿಂಗ್ ಬ್ಯಾಗ್ ತಗೊಂಡು ಹೋಗಿ.

## ಊಟದ ವಿಷಯ

ದಿನಾ ಏನು ತಿನ್ನೋಕೆ ಸಿಗುತ್ತೆ?

ಅದನ್ನು ನಿರ್ಧರಿಸುವುದು ಋತು. ಬೇಸಿಗೆಯ ಊಟಕ್ಕೆ ಬಿಳಿ ಆಹಾರ ಅನ್ನುತ್ತಾರೆ, ಅಂದರೆ ಹಾಲಿನದು. ಚಳಿಗಾಲದ್ದು ಕೆಂಪು, ಅಂದರೆ ಮಾಂಸ. ನವೆಂಬರ್ ಹೊತ್ತಿಗೆ ಚಳಿ ಗಟ್ಟಿಯಾದಾಗ ಇಡೀ ಚಳಿಗಾಲಕ್ಕೆ ಬೇಕಾದ ಪ್ರಾಣಿಗಳನ್ನು ಕಡಿದು ಇಡುತ್ತಾರೆ. ಹೊರಗಿನ ಹವೆಯೇ ಫ್ರಿಜ್.

ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಉಪ್ಪು ಹಾಕಿದ ಹಾಲಿನ ಚಹಾ, ಸೂತೇ ತ್ಸಾಯ್. ಜೊತೆಗೆ ಬೋರ್‌ತ್ಸೊಗ್ ಅನ್ನುವ ಕರಿದ ಹಿಟ್ಟಿನ ತುಂಡುಗಳು. ಅದರ ಮೇಲೆ ಓರೊಮ್ ಸವರುತ್ತಾರೆ. ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಸೌಟಿನಿಂದ ಎತ್ತಿ ಎತ್ತಿ ಹೊಯ್ದು, ನೊರೆ ಎಬ್ಬಿಸಿ, ರಾತ್ರಿಯಿಡೀ ಬಿಟ್ಟಾಗ ಕಟ್ಟುವ ದಪ್ಪ ಕೆನೆ ಅದು. ಯಾಕ್ ಹಾಲಿನ ಓರೊಮ್‌ಗೆ ಸಕ್ಕರೆ ಉದುರಿಸಿ ತಿಂದರೆ ಅದಕ್ಕಿಂತ ರುಚಿಯಾದ ತಿಂಡಿ ಆ ಬಯಲಿನಲ್ಲಿ ಇಲ್ಲ ಅಂತಲೇ ನನ್ನ ಅಭಿಪ್ರಾಯ. ತರಾಗ್ ಅಂದರೆ ಮೊಸರು. ಆರೂಲ್ ಅಂದರೆ ಗಿಣ್ಣದ ಹಾಗೆ ಗಟ್ಟಿ ಮಾಡಿದ ಹುಳಿ ಮೊಸರನ್ನು ಗೆರ್‌ನ ಚಾವಣಿ ಮೇಲೆ ಬಿಸಿಲಿಗೆ ಒಣಗಿಸಿದ್ದು. ಕಲ್ಲಿನಷ್ಟು ಗಟ್ಟಿ. ಕಚ್ಚಬೇಡಿ, ಬಾಯಲ್ಲಿಟ್ಟು ನೆನೆಸಿ.

ರಾತ್ರಿ ಊಟ ಸಾಮಾನ್ಯವಾಗಿ ಕುರಿ ಮಾಂಸ ಹಾಕಿದ ನೂಡಲ್ ಸೂಪ್, ಇಲ್ಲಾ ತ್ಸೂಯ್ವನ್. ಇದು ಮನೆಯಲ್ಲೇ ಲಟ್ಟಿಸಿ ಕತ್ತರಿಸಿದ ಗೋಧಿ ಶಾವಿಗೆಯನ್ನು ಮಾಂಸ, ಕ್ಯಾರೆಟ್, ಆಲೂಗಡ್ಡೆಯ ಮೇಲೆ ಹರಡಿ ಆವಿಯಲ್ಲಿ ಬೇಯಿಸಿದ್ದು. ಬೂಜ್ ಆವಿಯಲ್ಲಿ ಬೇಯಿಸಿದ ಮಾಂಸದ ಕಡುಬು, ಚಾಂದ್ರಮಾನ ಹೊಸ ವರ್ಷಕ್ಕೆ ನೂರಾರು ಮಾಡಿಡುತ್ತಾರೆ. ಹೂಶೂರ್ ಅದೇ ಹೂರಣವನ್ನು ಅರ್ಧಚಂದ್ರದ ಆಕಾರದಲ್ಲಿ ಮಡಿಚಿ ಕರಿದದ್ದು, ನಾದಮ್‌ನ ತಿಂಡಿ. ಮಸಾಲೆ ಅಂತ ಏನೂ ಇರುವುದಿಲ್ಲ. ಉಪ್ಪು, ಈರುಳ್ಳಿ, ಅಷ್ಟೇ. ಮಾಂಸ ತಾಜಾ ಇರುವುದರಿಂದ ಅದರ ರುಚಿ ಹಾಗೇ ತಿಳಿಯುತ್ತದೆ.

ನಾನು ಶುದ್ಧ ಸಸ್ಯಾಹಾರಿ. ಹೋಗೋದೇ ಬೇಡ್ವಾ?

ಹೋಗಿ, ಆದರೆ ಬೇಸಿಗೆಯಲ್ಲಿ ಮಾತ್ರ, ತಯಾರಾಗಿ ಹೋಗಿ. ಕರ್ನಾಟಕದಿಂದ ಹೊರಡುವವರು ಜಾಸ್ತಿ ಕೇಳುವ ಪ್ರಶ್ನೆ ಇದು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ನಿಮ್ಮ ಪಾಲಿಗೆ ಹಾಲು, ಮೊಸರು, ಓರೊಮ್, ಬೆಣ್ಣೆ, ತುಪ್ಪ, ಆರೂಲ್ ಇವೆ. ಬ್ಯಾಸ್ಲಾಗ್ ಅನ್ನುವ ಅವರ ಚೀಸ್ ಹಾಲಿಗೆ ಹುಳಿ ಹಾಕಿ ಒಡೆಸಿ, ಒತ್ತಿ ಮಾಡಿದ್ದು. ಅದನ್ನೂ ತಿನ್ನಬಹುದು. ಬೋರ್‌ತ್ಸೊಗ್ ಕರಿಯಲು ಕೆಲವರು ಎಣ್ಣೆ ಬಳಸುತ್ತಾರೆ, ಕೆಲವರು ಕುರಿ ಕೊಬ್ಬು. ಕೇಳಿಯೇ ತಿನ್ನಿ. "ಬಿ ಮಾಹ್ ಇದ್ದೆಗ್ಗುಯ್" ಅಂದರೆ ನಾನು ಮಾಂಸ ತಿನ್ನುವುದಿಲ್ಲ. ಇಷ್ಟು ಹೇಳಿದರೆ ಅವರು ಸೂಪಿನಿಂದ ಮಾಂಸದ ತುಂಡು ತೆಗೆದು ಕೊಡಬಹುದು, ಅವರ ಮಟ್ಟಿಗೆ ಅದು ಸರಿಯೇ. ಮಾಂಸದ ಸಾರೂ ಬೇಡ, ಕೊಬ್ಬೂ ಬೇಡ ಅನ್ನುವುದನ್ನು ದುಭಾಷಿ ಮೊದಲೇ, ಫೋನಿನಲ್ಲೇ ಬಿಡಿಸಿ ಹೇಳಬೇಕು. ಪಾತ್ರೆ ಒಂದೇ ಇರುತ್ತದೆ. ಪಾತ್ರೆ ಬೇರೆ ಇರಲೇಬೇಕು ಅನ್ನುವವರು ನಿಮ್ಮದೇ ಸಣ್ಣ ಪಾತ್ರೆ, ಗ್ಯಾಸ್ ಸ್ಟೋವ್ ಇಟ್ಟುಕೊಳ್ಳಿ. ಸಿಲಿಂಡರ್ ವಿಮಾನದಲ್ಲಿ ಒಯ್ಯುವಂತಿಲ್ಲ, ಉಲಾನ್‌ಬಾತರ್‌ನಲ್ಲೇ ಕೊಳ್ಳಿ.

ಇಲ್ಲಿಂದ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ರೆಡಿ ಮಿಕ್ಸ್, ಹುರಿಗಡಲೆ ಒಯ್ಯಿರಿ. ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಅಕ್ಕಿ ರಾಜಧಾನಿಯಲ್ಲಿ ಸಿಗುತ್ತವೆ. ಮನೆಯೊಡತಿಯನ್ನು ಕೇಳಿ ಅವರ ಒಲೆಯ ಮೇಲೆ ಒಂದು ಹೊತ್ತಿನ ಅಡುಗೆ ನೀವೇ ಮಾಡಿ, ಎಲ್ಲರಿಗೂ ಬಡಿಸಿ. ಚಿತ್ರಾನ್ನದ ಖಾರ ಮಾತ್ರ ಕಮ್ಮಿ ಇರಲಿ, ಅವರಿಗೆ ಅಭ್ಯಾಸವಿಲ್ಲ. ಬೇಡ ಬೇಡ ಅಂತ ಸುಮ್ಮನೆ ಕೂತ ಅತಿಥಿಗಿಂತ ಅಡುಗೆ ಹಂಚಿಕೊಂಡ ಅತಿಥಿಯನ್ನು ಯಾವ ಮನೆಯೂ ಇಷ್ಟಪಡುತ್ತದೆ.

ಒಂದು ಎಚ್ಚರಿಕೆ: ಚಳಿಗಾಲದಲ್ಲಿ ಹಾಲೂ ಕಮ್ಮಿ, ತರಕಾರಿಯೂ ಕಮ್ಮಿ. ಮಾಂಸ ತಿನ್ನದವರು ಆಗ ಕುಟುಂಬಕ್ಕೂ ಹೊರೆ, ತಮಗೂ ಕಷ್ಟ.

ದನದ ಮಾಂಸ, ಕುದುರೆ ಮಾಂಸ ಗೊತ್ತಿಲ್ಲದೆ ತಿನ್ನಿಸಿಬಿಡ್ತಾರಾ?

ಬೇಕಂತಲೇ ಯಾರೂ ಮಾಡುವುದಿಲ್ಲ. ಬೇಸಿಗೆಯಲ್ಲಿ ಹೆಚ್ಚಾಗಿ ಕುರಿ, ಮೇಕೆ. ದನ, ಯಾಕ್, ಕುದುರೆ ಚಳಿಗಾಲದಲ್ಲಿ ಜಾಸ್ತಿ. ತೆಳ್ಳಗೆ ಸೀಳಿ ಒಣಗಿಸಿದ ಬೋರ್ತ್ಸ್ ಹೆಚ್ಚಾಗಿ ದನದ್ದೇ, ಅದನ್ನು ಪುಡಿ ಮಾಡಿ ಸೂಪಿಗೆ ಹಾಕುತ್ತಾರೆ. ಕುರಿ ಮಾಂಸಕ್ಕೆ "ಹೋನಿನಿ ಮಾಹ್", ದನದ್ದಕ್ಕೆ "ಉಹ್ರೀನ್ ಮಾಹ್". ಈ ಎರಡು ಕಲಿತರೆ ಸಾಕು.

ಐರಾಗ್ ಅಂದರೆ ಏನು? ಹೆಂಡನಾ?

ಕುದುರೆ ಹಾಲನ್ನು ಹುಳಿ ಬರಿಸಿ ಮಾಡಿದ ಪಾನೀಯ. ಆಲ್ಕೋಹಾಲ್ ಇದೆ, ಆದರೆ ಸಾಮಾನ್ಯವಾಗಿ ಶೇಕಡಾ 2ರ ಆಸುಪಾಸು ಮಾತ್ರ. ಹುಳಿ, ಸಣ್ಣ ನೊರೆ, ನಾಲಿಗೆಗೆ ಚುರುಕ್.

ಮಾಡುವ ಕೆಲಸ ನೋಡಲು ಜುಲೈ–ಆಗಸ್ಟ್‌ನಲ್ಲೇ ಹೋಗಬೇಕು. ಮರಿಗಳನ್ನು ನೆಲಕ್ಕೆ ಹತ್ತಿರ ಎಳೆದು ಕಟ್ಟಿದ ಉದ್ದ ಹಗ್ಗಕ್ಕೆ ಸಾಲಾಗಿ ಕಟ್ಟುತ್ತಾರೆ. ಮರಿ ಇರುವಲ್ಲಿಗೆ ತಾಯಿ ಬರುತ್ತದೆ. ಮೊದಲು ಮರಿಗೆ ಒಂದಿಷ್ಟು ಕುಡಿಸಿ, ಅದನ್ನು ಪಕ್ಕದಲ್ಲೇ ಹಿಡಿದುಕೊಂಡು ಹಾಲು ಕರೆಯುತ್ತಾರೆ. ಒಮ್ಮೆಗೆ ಸಿಗುವುದು ಸ್ವಲ್ಪವೇ, ಹಾಗಾಗಿ ದಿನಕ್ಕೆ ಹಲವು ಸಲ ಕರೆಯಬೇಕು. ಹಾಲನ್ನು ದನದ ಚರ್ಮದ ಚೀಲಕ್ಕೆ ಸುರಿದು, ಹಳೆಯ ಐರಾಗ್‌ನ ಹೆಪ್ಪು ಸೇರಿಸಿ, ಮರದ ಕಡೆಗೋಲಿನಿಂದ 500ಕ್ಕೂ ಹೆಚ್ಚು ಸಲ ಕಡೆಯುತ್ತಾರೆ. ಚೀಲ ಬಾಗಿಲ ಪಕ್ಕದಲ್ಲೇ ತೂಗುತ್ತಿರುತ್ತದೆ. ಒಳಗೆ ಬಂದವರು, ಹೊರಗೆ ಹೋಗುವವರು ನಾಲ್ಕು ಸಲ ಕಡೆದು ಹೋಗುವುದು ರೂಢಿ. ನೀವೂ ಕಡೆಯಿರಿ, ಖುಷಿಪಡುತ್ತಾರೆ. ಚರ್ಮದ ಚೀಲದಲ್ಲಿ ಐರಾಗ್ ಮಾಡುವ ಈ ವಿಧಾನ 2019ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು. ಬುಲ್ಗಾನ್, ಅರ್ಹಾಂಗಾಯ್, ಊವುರ್‌ಹಾಂಗಾಯ್ ಪ್ರಾಂತ್ಯಗಳ ಐರಾಗ್‌ಗೆ ಹೆಸರಿದೆ.

ಹೊಟ್ಟೆ ಕೆಡುತ್ತಾ?

ಐರಾಗ್ ಮೊದಲ ದಿನವೇ ದೊಡ್ಡ ಬಟ್ಟಲು ಕುಡಿದರೆ ಕೆಡುವ ಸಾಧ್ಯತೆ ಜಾಸ್ತಿ. ಎರಡು ಗುಟುಕಿನಿಂದ ಶುರು ಮಾಡಿ. ಇನ್ನೊಂದು ಮುಖ್ಯ ವಿಷಯ: ಅಲ್ಲಿನ ಜಾನುವಾರುಗಳಲ್ಲಿ ಬ್ರುಸೆಲ್ಲೋಸಿಸ್ ಅನ್ನುವ ಕಾಯಿಲೆ ಇದೆ, ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಚಹಾ, ಓರೊಮ್ ಇವುಗಳಿಗೆ ಹಾಲು ಕಾಯಿಸಿರುತ್ತಾರೆ. ಐರಾಗ್‌ಗೆ ಕಾಯಿಸುವುದಿಲ್ಲ. ಬಸುರಿಯರು, ಪುಟ್ಟ ಮಕ್ಕಳು, ಆರೋಗ್ಯ ಸೂಕ್ಷ್ಮ ಇರುವವರು ಐರಾಗ್ ಮತ್ತು ಹಸಿ ಹಾಲು ಬಿಡುವುದು ಒಳ್ಳೆಯದು. ನೀರು ಕುದಿಸಿ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಜೊತೆಗಿರಲಿ.

ಬೇಡ ಅಂದರೆ ಬೇಜಾರಾಗ್ತಾರಾ?

ಮುಟ್ಟದೇ ತಳ್ಳಿದರೆ ಬೇಜಾರು. ಬಟ್ಟಲು ತೆಗೆದುಕೊಂಡು, ತುಟಿಗೆ ತಾಗಿಸಿ ಕೆಳಗಿಟ್ಟರೆ ಮರ್ಯಾದೆ ಉಳಿಯುತ್ತದೆ. ಹಾಲಿನಿಂದ ಭಟ್ಟಿ ಇಳಿಸಿದ ಶಿಮೀನ್ ಅರ್ಹಿ ಅಥವಾ ವೋಡ್ಕಾ ಕೊಟ್ಟಾಗ ಕುಡಿಯದವರು ಉಂಗುರ ಬೆರಳನ್ನು ಅದ್ದಿ ಮೇಲಕ್ಕೆ ಚಿಮುಕಿಸಿ, ಬಟ್ಟಲು ವಾಪಸ್ ಕೊಡಬಹುದು. ಆಕಾಶಕ್ಕೆ, ಭೂಮಿಗೆ ಅರ್ಪಿಸಿದಂತೆ. ಯಾರೂ ಒತ್ತಾಯ ಮಾಡುವುದಿಲ್ಲ.

ಬಿಸಿ ಕಲ್ಲಿನ ಅಡುಗೆ ಅಂತ ಕೇಳಿದ್ದೆ. ಅದು ಯಾವುದು?

ಹೊರ್ಹೊಗ್. ಹೊಳೆಯ ನುಣುಪು ಕಲ್ಲುಗಳನ್ನು ಒಲೆಯಲ್ಲಿ ಚೆನ್ನಾಗಿ ಕಾಯಿಸುತ್ತಾರೆ. ದೊಡ್ಡ ಹಾಲಿನ ಕ್ಯಾನಿನಲ್ಲಿ ಕುರಿ ಮಾಂಸ, ಕಲ್ಲು, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಪದರ ಪದರವಾಗಿ ತುಂಬಿ, ಸ್ವಲ್ಪ ನೀರು ಹಾಕಿ ಮುಚ್ಚಳ ಬಿಗಿಯುತ್ತಾರೆ. ಕಲ್ಲು ಒಳಗಿನಿಂದ, ಬೆಂಕಿ ಹೊರಗಿನಿಂದ ಬೇಯಿಸುತ್ತದೆ. ತೆಗೆದ ಮೇಲೆ ಕೊಬ್ಬು ಮೆತ್ತಿದ ಬಿಸಿ ಕಲ್ಲುಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸುತ್ತಾ ಎಲ್ಲರೂ ಹಿಡಿದುಕೊಳ್ಳುತ್ತಾರೆ. ದೇಹಕ್ಕೆ ಒಳ್ಳೆಯದು ಅನ್ನುವ ನಂಬಿಕೆ. ಇದು ದಿನದ ಅಡುಗೆ ಅಲ್ಲ, ವಿಶೇಷದ್ದು. ನಿಮಗಾಗಿ ಒಂದು ಕುರಿ ಕಡಿದರೆ ಅದರ ಬೆಲೆ ಕೊಡಿ.

ಬೋದೊಗ್ ಅಂದರೆ ಪ್ರಾಣಿಯ ಚರ್ಮದೊಳಗೇ ಬಿಸಿ ಕಲ್ಲು ತುಂಬಿ ಬೇಯಿಸುವುದು. ಮೇಕೆಯದಾದರೆ ತಿನ್ನಿ. ಮಾರ್ಮೋಟ್ ಅನ್ನುವ ದೊಡ್ಡ ಬಿಲದ ಪ್ರಾಣಿಯದು ಬೇಡವೇ ಬೇಡ. ಅದರ ಬೇಟೆಗೆ ನಿಷೇಧವಿದೆ, ಅದು ಪ್ಲೇಗ್ ಹರಡುತ್ತದೆ. 2019ರಲ್ಲಿ ಪಶ್ಚಿಮದ ಬಯಾನ್ ಉಲ್ಗೀಯಲ್ಲಿ ಮಾರ್ಮೋಟ್‌ನ ಹಸಿ ಅಂಗಾಂಗ ತಿಂದ ದಂಪತಿ ಪ್ಲೇಗ್‌ನಿಂದ ತೀರಿಕೊಂಡರು.

ಹೊರಡುವ ಮುಂಚೆ ಕರ್ನಾಟಕದಲ್ಲೇ ಈ ರುಚಿಯ ಅಂದಾಜು ಸಿಗುತ್ತಾ?

ಸ್ವಲ್ಪ ಸಿಗುತ್ತದೆ. ಬೈಲಕುಪ್ಪೆ ಅಥವಾ ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋಗಿ ಉಪ್ಪಿನ ಬೆಣ್ಣೆ ಚಹಾ ಕುಡಿದು ನೋಡಿ. ಮಂಗೋಲಿಯಾದ್ದು ಅದಕ್ಕಿಂತ ತೆಳು, ಹಾಲು ಜಾಸ್ತಿ. ಉಪ್ಪಿನ ಚಹಾಗೆ ನಾಲಿಗೆ ಒಗ್ಗುತ್ತದಾ ಅನ್ನುವುದಂತೂ ತಿಳಿಯುತ್ತದೆ. ಮುಂಡಗೋಡಿನ ಡ್ರೆಪುಂಗ್ ಗೋಮಾಂಗ್ ಮಠದಲ್ಲಿ ಮಂಗೋಲಿಯಾದ ಭಿಕ್ಷುಗಳೂ ಓದುತ್ತಾರೆ. ಹುಲ್ಲುಗಾವಲಿನ ಹಿರಿಯರಿಗೆ ಇದನ್ನು ಹೇಳಿ ನೋಡಿ, ಮಾತು ತಾನಾಗಿ ಬೆಳೆಯುತ್ತದೆ.

## ಇನ್ನೂ ಸ್ವಲ್ಪ ಒಳಗೆ

ಬೇರೆ ಬೇರೆ ಪ್ರದೇಶದಲ್ಲಿ ಊಟ ಬೇರೆ ಇರುತ್ತಾ? ಯಾವುದನ್ನು ಆರಿಸಲಿ?

ಇರುತ್ತದೆ. ಹಾಲಿನ ತಿನಿಸಿಗೆ ಅರ್ಹಾಂಗಾಯ್ ಮತ್ತು ಓರ್ಹೋನ್ ಕಣಿವೆ. ಯಾಕ್ ಹೇರಳ, ಹುಲ್ಲು ದಟ್ಟ. ಮೊದಲ ಸಲ ಹೋಗುವವರಿಗೆ, ಸಸ್ಯಾಹಾರಿಗಳಿಗೆ ನಾನು ಹೇಳುವುದು ಇದೇ. ಗೋಬಿ ಮರುಭೂಮಿಯಲ್ಲಿ ಒಂಟೆ. ಅದರ ಹಾಲಿನಿಂದ ಹೋರ್ಮೊಗ್ ಅನ್ನುವ ಹುಳಿ ಪಾನೀಯ ಮಾಡುತ್ತಾರೆ. ಮರಿಯನ್ನು ಒಲ್ಲದ ತಾಯಿ ಒಂಟೆಯನ್ನು ಹಾಡಿ, ತಂತಿವಾದ್ಯ ನುಡಿಸಿ ಒಲಿಸುವ ಪದ್ಧತಿಯೂ ಅಲ್ಲಿದೆ. ಪಶ್ಚಿಮದ ಬಯಾನ್ ಉಲ್ಗೀಯಲ್ಲಿ ಕಜಕ್ ಮುಸ್ಲಿಮರು ಹೆಚ್ಚು. ಹದ್ದು ಸಾಕುವವರು ಅವರೇ. ಕುದುರೆ ಮಾಂಸದ ಸಾಸೇಜ್ ಅವರ ಊಟದ ಹೆಮ್ಮೆ.

ಉತ್ತರದ ಕಾಡಿನಲ್ಲಿ ಹಿಮಸಾರಂಗ ಸಾಕುವ ತ್ಸಾತಾನ್ ಜನ ಕೆಲವೇ ನೂರು. ಹಿಮಸಾರಂಗದ ಹಾಲಿನ ಚಹಾ ತುಂಬಾ ದಟ್ಟ. ಗಡಿ ಪ್ರದೇಶದ ಅನುಮತಿ ಬೇಕು, ಕೊನೆಯ ದಾರಿ ಕುದುರೆ ಮೇಲೆ. ಅಷ್ಟು ಸಣ್ಣ ಸಮುದಾಯದ ಮೇಲೆ ಪ್ರವಾಸಿಗರ ಒತ್ತಡ ಈಗಾಗಲೇ ಇದೆ. ಮೊದಲ ಪ್ರವಾಸದಲ್ಲೇ ಅಲ್ಲಿಗೆ ಹೋಗುವುದು ಬೇಡ ಅನ್ನಿಸುತ್ತದೆ.

ಅವರ ಕೆಲಸದಲ್ಲಿ ಕೈಜೋಡಿಸಬಹುದಾ?

ಖಂಡಿತ. ನೀರು ತರುವುದು, ಒಣಗಿದ ಸಗಣಿ ಆರಿಸುವುದು, ಸಂಜೆ ಮೇಕೆಗಳನ್ನು ಕೂಡಿಸುವುದು. ಮೇಕೆ ಹಾಲು ಕರೆಯುವಾಗ ಅವುಗಳನ್ನು ಎದುರುಬದುರು ನಿಲ್ಲಿಸಿ, ಕತ್ತುಗಳನ್ನು ಒಂದರ ಪಕ್ಕ ಒಂದು ಹೆಣೆದಂತೆ ಹಗ್ಗ ಹಾಕುತ್ತಾರೆ. ಅದನ್ನು ಕಲಿಯಿರಿ. ಕುದುರೆಗೆ ಯಾವಾಗಲೂ ಎಡಗಡೆಯಿಂದಲೇ ಹತ್ತಿ. ಅವು ಅರ್ಧ ಕಾಡು, ಪಟಪಟ ಹಾರುವ ಜಾಕೆಟ್‌ಗೂ ಬೆಚ್ಚುತ್ತವೆ. ಹೆಲ್ಮೆಟ್ ನೀವೇ ಒಯ್ಯಬೇಕು.

ಕುರಿ ಕಡಿಯೋದನ್ನು ನೋಡಬೇಕಾಗುತ್ತಾ?

ಕಡ್ಡಾಯ ಇಲ್ಲ, ಆಚೆ ಹೋಗಬಹುದು. ಅವರ ವಿಧಾನ ಬೇರೆ: ಎದೆಯ ಕೆಳಗೆ ಸಣ್ಣದಾಗಿ ಕೊಯ್ದು, ಕೈ ಒಳಗೆ ಹಾಕಿ ದೊಡ್ಡ ರಕ್ತನಾಳ ಹರಿಯುತ್ತಾರೆ. ರಕ್ತ ನೆಲಕ್ಕೆ ಬೀಳಬಾರದು. ಅದನ್ನು ಕರುಳಿಗೆ ತುಂಬಿ ಬೇಯಿಸುತ್ತಾರೆ, ಏನನ್ನೂ ಬಿಸಾಡುವುದಿಲ್ಲ. ತಟ್ಟೆಯಲ್ಲಿ ಮಾಂಸ ಉಳಿದ ಮೂಳೆ ಬಿಡುವುದು ಅಲ್ಲಿ ಅವಮಾನ. ಮೂಳೆ ಬೆಳ್ಳಗಾಗುವವರೆಗೆ ತಿನ್ನಬೇಕು. ಚಾಕು ಕೊಡುವಾಗ ಹಿಡಿ ಎದುರಿನವರ ಕಡೆ ಇರಲಿ.

ಜುಡ್ ಅಂದರೇನು? ಯಾಕೆ ಎಲ್ಲರೂ ಅದರ ಬಗ್ಗೆ ಮಾತಾಡ್ತಾರೆ?

ಜಾನುವಾರುಗಳು ರಾಶಿ ರಾಶಿ ಸಾಯುವ ಕೆಟ್ಟ ಚಳಿಗಾಲ. ಬೇಸಿಗೆಯಲ್ಲಿ ಮಳೆ ಕೈಕೊಟ್ಟು ಪ್ರಾಣಿಗಳು ಸೊರಗಿರುತ್ತವೆ. ಮೇಲೆ ದಪ್ಪ ಹಿಮ ಬೀಳುತ್ತದೆ, ಇಲ್ಲಾ ಹಿಮ ಕರಗಿ ಮತ್ತೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಹುಲ್ಲು ಕೆಳಗಿದ್ದರೂ ಬಾಯಿಗೆ ಸಿಗುವುದಿಲ್ಲ. 2009–10ರಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರಾಣಿಗಳು ಸತ್ತವು. 2023–24ರಲ್ಲೂ ಲಕ್ಷಗಟ್ಟಲೆ ಹೋದವು. ಮಂದೆ ಕಳೆದುಕೊಂಡವರು ಉಲಾನ್‌ಬಾತರ್‌ನ ಅಂಚಿಗೆ ಬಂದು ಗೆರ್ ಹಾಕಿಕೊಂಡಿದ್ದಾರೆ. ನೀವು ಹೋದ ಮನೆಯಲ್ಲಿ ಇದರ ನೋವು ಇರಬಹುದು. ಎಷ್ಟು ಕುರಿ ಇವೆ ಅಂತ ಬಂದ ಕೂಡಲೇ ಎಣಿಕೆ ಕೇಳಬೇಡಿ. ಜಾನುವಾರು ಹುಷಾರಾಗಿವೆಯಾ, ಹುಲ್ಲು ಚೆನ್ನಾಗಿದೆಯಾ ಅಂತ ಕೇಳುವುದೇ ಅಲ್ಲಿನ ಮರ್ಯಾದೆ.

ನಾವು ಹೋಗೋದ್ರಿಂದ ಅವರಿಗೆ ನಿಜವಾಗಿ ಉಪಯೋಗ ಇದೆಯಾ?

ದುಡ್ಡು ಅವರ ಕೈಗೆ ಸೇರಿದರೆ ಇದೆ. ಅವರ ಮುಖ್ಯ ಆದಾಯ ವಸಂತದಲ್ಲಿ ಮೇಕೆಗಳಿಂದ ಬಾಚಿ ತೆಗೆಯುವ ಕ್ಯಾಶ್ಮೀರ್ ಅನ್ನುವ ನಯವಾದ ಉಣ್ಣೆ. ಅದಕ್ಕಾಗಿ ಮೇಕೆ ಜಾಸ್ತಿ ಸಾಕಿ ಹುಲ್ಲುಗಾವಲು ಸವೆಯುತ್ತಿದೆ. ಅತಿಥಿಗಳಿಂದ ಬರುವ ಆದಾಯ ಆ ಒತ್ತಡವನ್ನು ಒಂಚೂರು ಇಳಿಸಬಹುದು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ ಮಕ್ಕಳನ್ನು ತಾಲ್ಲೂಕು ಕೇಂದ್ರದ ಹಾಸ್ಟೆಲ್‌ನಲ್ಲಿ ಬಿಡಬೇಕು. ಆ ಖರ್ಚಿಗೂ ನಗದು ಬೇಕು.

ಹಣವನ್ನು ಹೊರಡುವ ದಿನ ಮನೆಯೊಡತಿಯ ಕೈಗೆ, ಎರಡೂ ಕೈಯಲ್ಲಿ ಕೊಡಿ. ಉಡುಗೊರೆಗೆ ಅಕ್ಕಿ, ಹಿಟ್ಟು, ಸಕ್ಕರೆ, ಟಾರ್ಚ್, ನೋಟ್‌ಬುಕ್ ಸಾಕು. ಮಕ್ಕಳ ಕೈಗೆ ದುಡ್ಡು, ರಾಶಿ ಚಾಕೊಲೇಟ್ ಬೇಡ. ತೆಗೆದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಉಲಾನ್‌ಬಾತರ್‌ನಲ್ಲಿ ನಿಮ್ಮ ಚಾಲಕನಿಗೆ ಕೊಟ್ಟರೆ ಮುಂದಿನ ಸಲ ಆ ಕಡೆ ಹೋದಾಗ ತಲುಪಿಸುತ್ತಾನೆ. ಫೇಸ್‌ಬುಕ್ ಅಲ್ಲಿ ತುಂಬಾ ಜನ ಬಳಸುತ್ತಾರೆ, ಮನೆಯ ಹುಡುಗರ ಹತ್ತಿರ ಕೇಳಿಟ್ಟುಕೊಳ್ಳಿ. ಅವರು ತಾಣ ಬದಲಿಸಿದಾಗ ಹೊಸ ಜಾಗ ತಿಳಿಯುವುದು ಅದರಿಂದಲೇ.